ಸಾಗವಾನಿಯ ಗೊಬ್ಬರದ ಪೆಟ್ಟಿಗೆ

ಮಕ್ತುಮ್ ಸಾಬರು ಅಂಗಡಿಯ ಅಟ್ಟದಿಂದ ಸಾಗವಾನಿ ಹಲಗೆಗಳನ್ನು ಇಳಿಸಿ, ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದ ದಿನ ಅವರ ಸೊಸೆ ಖೈರುನ್ನೀಸಾ ಒಲೆಯ ಮುಂದೆ ಕೂತಿದ್ದಳು. ಹಿತ್ತಲ ಬಾಗಿಲಿನಿಂದ ಆ ಹಲಗೆಗಳು ಒಂದೊಂದಾಗಿ ಒಳಗೆ ಬರುವುದನ್ನು ನೋಡುತ್ತಾ ನೋಡುತ್ತಾ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮರೆತೇಬಿಟ್ಟಳು. ಅದು ಸುಟ್ಟು ಕರಕಲಾಯಿತು.

ಅವಳು ಹೆದರಿದ್ದಕ್ಕೆ ಕಾರಣವಿತ್ತು. ಮಕ್ತುಮ್ ಸಾಬರದು ತಲೆಮಾರುಗಳಿಂದ ಬಂದ ಬಡಗಿ ಮನೆತನ. ಹರಿಹರದಲ್ಲಿ ಬೇರೆಯವರ ಮನೆಗೆ ಮದುಮಗಳು ಬರುವಾಗ ಅವಳ ತವರಿನಿಂದ ಮಂಚ ಬರುತ್ತದೆ. ಈ ಮನೆಗೆ ಮಾತ್ರ ಹಾಗಲ್ಲ. ಬಡಗಿಯ ಮನೆಗೆ ಯಾರೋ ಮಾಡಿದ ಮಂಚ ಹೊತ್ತು ತಂದರೆ ಬಡಗಿಯ ಮರ್ಯಾದೆ ಏನಾಗಬೇಕು? ಮದುವೆಯ ಮಂಚವನ್ನು ಗಂಡಿನ ತಂದೆ ತನ್ನ ಕೈಯಾರೆ ಮಾಡಬೇಕು, ಅದೂ ಅಂಗಡಿಯಲ್ಲಲ್ಲ, ಮನೆಯ ಹಿತ್ತಲಲ್ಲಿ. ಮಂಚ ಮುಗಿಯುವವರೆಗೆ ನಿಕಾಹ್‌ಗೆ ದಿನ ಇಡುವಂತಿಲ್ಲ. ಖೈರುನ್ನೀಸಾ ಮಾಯಕೊಂಡದಿಂದ ಈ ಮನೆಗೆ ಬಂದದ್ದೂ ಹಾಗೆಯೇ. ಆಗ ಉಳಿದ ಹಲಗೆಗಳೇ ಅಟ್ಟ ಸೇರಿದ್ದವು. ಮನೆಗೆ ಇದ್ದವನು ಒಬ್ಬನೇ ಮಗ, ಅವಳ ಗಂಡ ಕುತುಬುದ್ದೀನ್. ಇನ್ನು ಮದುವೆ ಮಾಡಬೇಕಾದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಂದರೆ ಅವನಿಗೇ ಮತ್ತೆ ಮದುವೆ ಮಾಡಬೇಕು, ಅಷ್ಟೇ. ಖೈರುನ್ನೀಸಾಳಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಮಾಬೂಬೀ ಮೊದಮೊದಲು ದರ್ಗಾಗಳಿಗೆ ಹರಕೆ ಹೊತ್ತಳು, ಆಮೇಲೆ ಹಕೀಮರ ಔಷಧಿ ಕುಡಿಸಿದಳು, ಕಡೆಗೆ ಬೇಸತ್ತು ತಮ್ಮನ ಕಡೆ ತಿರುಗಿದಳು. ತಮ್ಮ ಜಮಾಲ್ ಸಾಬ್ ದಾವಣಗೆರೆ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಕುತುಬುದ್ದೀನ್ ಅಪ್ಪನ ಉಳಿ ಕೊಡತಿ ಮುಟ್ಟದೆ, ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗಿ ಕೂರುತ್ತಿದ್ದದ್ದು ಆ ಸೋದರಮಾವನ ಗದ್ದಿಗೆಯ ಪಕ್ಕದಲ್ಲೇ. ಜಮಾಲ್ ಸಾಬನ ಹೆಂಡತಿಯ ಕಡೆ ಒಂದು ಹುಡುಗಿ ಇದೆ, ಕೈಕಾಲು ಗಟ್ಟಿ, ನಾಲ್ಕು ಜನ ಅಣ್ಣಂದಿರ ತಂಗಿ ಎಂಬ ಮಾತು ರಂಜಾನ್ ಮುಗಿದಾಗಿನಿಂದ ಮನೆಯಲ್ಲಿ ಓಡಾಡುತ್ತಿತ್ತು. ಯಾರೂ ಖೈರುನ್ನೀಸಾಳ ಎದುರಿಗೆ ಹೇಳುತ್ತಿರಲಿಲ್ಲ. ಅವಳು ನೀರು ತರಲು ಹೋದಾಗ ಶುರುವಾಗುತ್ತಿತ್ತು, ಬಂದಾಗ ನಿಲ್ಲುತ್ತಿತ್ತು. ಹಾಗೆ ನಿಲ್ಲುವ ಮಾತು ಹೆಚ್ಚು ಕೇಳಿಸುತ್ತದೆ ಎಂಬುದು ಮಾಬೂಬೀಗೆ ಹೊಳೆದಂತಿರಲಿಲ್ಲ.

ರೊಟ್ಟಿ ಎತ್ತಿ ಬದಿಗಿಟ್ಟು ಖೈರುನ್ನೀಸಾ ಹಿತ್ತಲಿಗೆ ಬಂದಳು. ಮಾವ ಹಲಗೆಗಳನ್ನು ಬೇವಿನ ಮರಕ್ಕೆ ಒರಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಬ್ಬಾ, ಇವು ಏನಕ್ಕೆ?"

"ಗೊಬ್ಬರದ ಪೆಟ್ಟಿಗೆ ಮಾಡಾಕಮ್ಮ," ಎಂದರು ಮಕ್ತುಮ್ ಸಾಬ್.

ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾಬೂಬೀ ಕಿಸಕ್ಕನೆ ನಕ್ಕಳು. ಮುದುಕ ಚೆನ್ನಾಗಿ ಹೇಳಿದ ಎಂದುಕೊಂಡಿರಬೇಕು. ಆ ನಗು ಕೇಳಿದ ಮೇಲೆ ಖೈರುನ್ನೀಸಾಳಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ತಿಪ್ಪೆಗೆ ಸಾಗವಾನಿ ಹಾಕುವ ಬಡಗಿ ಎಲ್ಲಿದ್ದಾನೆ? ತನ್ನನ್ನು ಹಳ್ಳಿ ಗುಗ್ಗು ಎಂದು ತಿಳಿದಿದ್ದಾರೆ ಎಂದು ಅವಳಿಗೆ ಅಳುವೇ ಬಂತು. ಅತ್ತೆಯ ನಗುವಿಗಿಂತ ಮಾವನ ಸುಳ್ಳು ಅವಳನ್ನು ಹೆಚ್ಚು ನೋಯಿಸಿತು. ಆ ಮನೆಯಲ್ಲಿ ಅವಳಿಗೆ ಸುಳ್ಳು ಹೇಳದೆ ಇದ್ದವರು ಅವರೊಬ್ಬರೇ ಆಗಿದ್ದರು.

ಮಾರನೆಯ ದಿನದಿಂದ ಹಿತ್ತಲಲ್ಲಿ ಗರಗಸದ ಸದ್ದು. ಮಕ್ತುಮ್ ಸಾಬರು ಬೆಳಿಗ್ಗೆ ಅಂಗಡಿಗೆ ಹೋಗಿ ಬಂದು, ಮಧ್ಯಾಹ್ನದ ನಮಾಜು ಮುಗಿಸಿ ಕೆಲಸಕ್ಕೆ ಕೂರುತ್ತಿದ್ದರು. ಮಾಬೂಬೀಗೆ ಗಂಡನ ಮೇಲೆ ಇಲ್ಲದ ಅಕ್ಕರೆ ಹುಟ್ಟಿಕೊಂಡಿತು. ಚಹಾ ಕೇಳುವ ಮೊದಲೇ ಬರುತ್ತಿತ್ತು. ರಾತ್ರಿಯ ಸಾರಿನಲ್ಲಿ ಒಂದು ಮೊಟ್ಟೆ ಇದ್ದರೆ ಅದು ಮಕ್ತುಮ್ ಸಾಬರ ತಟ್ಟೆಗೇ. ಕೆಲಸ ಎಲ್ಲಿಯವರೆಗೆ ಬಂತು ಎಂದು ಅವಳು ಕೇಳಿದಾಗಲೆಲ್ಲ ಅವರು ಅದೇ ಉತ್ತರ ಕೊಡುತ್ತಿದ್ದರು, ಗೊಬ್ಬರದ ಪೆಟ್ಟಿಗೆ ಇನ್ನೇನು ಆಗುತ್ತೆ ಎಂದು. ಅವಳು ಅಡುಗೆಮನೆಯ ಕಡೆ ಕಣ್ಸನ್ನೆ ಮಾಡಿ, "ಹೂಂ ಹೂಂ, ಗೊಬ್ಬರದ್ದೇ," ಎನ್ನುತ್ತಿದ್ದಳು.

ಖೈರುನ್ನೀಸಾ ಎಲ್ಲವನ್ನೂ ನೋಡುತ್ತಿದ್ದಳು, ನೋಡಿದ್ದೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿತ್ತು. ಉದ್ದ ಹಲಗೆಗಳಿಂದ ಗಿಡ್ಡ ಪಟ್ಟಿಗಳು ಹೊರಟವು. ಮಂಚದ ತಲೆಯ ಕಡೆಗೂ ಕಾಲ ಕಡೆಗೂ ಅಂಥವೇ ಬೇಕಲ್ಲ. ಆಮೇಲೆ ಸೊಂಟದೆತ್ತರದ ಕಾಲುಗಳು ಸಿದ್ಧವಾದವು. ಅತ್ತೆ ಒಳಕೋಣೆಗೆ ಸುಣ್ಣ ಹೊಡೆಸಬೇಕು ಎಂದಳು. ಗಂಡ ಹೊಸ ಶರಟು ಹಾಕಿಕೊಂಡು ಬಂದ, ಮಾಮೂ ಹೊಲಿಸಿದ್ದು ಎಂದ. ಅವನು ಸ್ನಾನಕ್ಕೆ ಹೋದಾಗ ಖೈರುನ್ನೀಸಾ ಆ ಶರಟಿನ ಜೇಬು ತಡಕಿದಳು. ಒಂದು ರೈಲಿನ ಚೀಟಿ, ಸ್ವಲ್ಪ ಅಡಿಕೆ ಪುಡಿ, ಬೇರೇನೂ ಇರಲಿಲ್ಲ. ಏನೂ ಸಿಗದಿದ್ದಕ್ಕೆ ಅವಳ ಅನುಮಾನ ಇನ್ನೂ ಬಲವಾಯಿತು.

ಒಂದು ದಿನ ಮಾವ ಡಾಂಬರಿನ ಡಬ್ಬಿ ತಂದು ಕಾಲುಗಳ ತುದಿಗೆ ಬಳಿದರು. ಮಂಚದ ಕಾಲಿಗೆ ಯಾರೂ ಡಾಂಬರು ಬಳಿಯುವುದಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಆದರೆ ಒಂದೇ ವಿಷಯವನ್ನು ಹಗಲೂ ಇರುಳೂ ಯೋಚಿಸುವವರಿಗೆ ಬೇರೆ ಯಾವುದೂ ಕಾಣುವುದಿಲ್ಲ. ಪಕ್ಕದ ಮನೆಯ ಕರಿಯವ್ವ ಎಮ್ಮೆ ಸಾಕಿದವಳು, ಹಾಲು ಹಾಕಲು ದಿನಾ ಬರುತ್ತಿದ್ದಳು. ಅವಳನ್ನು ಬೇವಿನ ಮರದ ಹತ್ತಿರ ಕರೆದು, ಇದು ಏನಿದ್ದಂಗೆ ಐತೆ ಎಂದು ಖೈರುನ್ನೀಸಾ ಕೇಳಿದಳು. ಕರಿಯವ್ವ ಕಾಲುಗಳನ್ನು ಮುಟ್ಟಿ ನೋಡಿ, ಮಂಚದ ಕಾಲೇ ಇದ್ದಂಗೆ ಐತವ್ವ ಎಂದು ಹೇಳಿ, ಆಮೇಲೆ ಇವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಅಂದು ಸಂಜೆ ಗಂಡ ರೈಲಿಳಿದು ಬಂದು ಕಾಲು ತೊಳೆಯುವಾಗ ಖೈರುನ್ನೀಸಾ ನೇರವಾಗಿ ಕೇಳಿಯೇಬಿಟ್ಟಳು.

"ಹಿತ್ತಲಾಗೆ ಏನು ನಡೆದೈತೆ?"

"ಅಬ್ಬಾ ಏನೋ ಮಾಡ್ತಾರೆ. ನಂಗೇನು ಗೊತ್ತು?"

"ದಾವಣಗೆರ್‍ಯಾಗೆ ಏನು ನಡೆದೈತೆ?"

ಕುತುಬುದ್ದೀನ್ ತಂಬಿಗೆಯ ನೀರನ್ನು ತೊಳೆದ ಕಾಲಿಗೇ ಮತ್ತೆ ಸುರಿದುಕೊಂಡ. "ಅಮ್ಮ, ಮಾಮೂ ಏನೇನೋ ಅಂತಾರೆ. ನಾನು ಹೂಂ ಅಂದಿಲ್ಲ."

"ಊಹೂಂ ಅಂದೀರಾ?"

ಅವನು ತಂಬಿಗೆ ಬೋರಲು ಹಾಕಿ ಒಳಗೆ ಹೋದ. ಒಳ್ಳೆಯ ಮನುಷ್ಯ, ಕುಡಿತ ಇಲ್ಲ, ಕೈ ಎತ್ತಿದವನಲ್ಲ. ಆದರೆ ಅವನ ಬಾಯಿಂದ ಒಂದು 'ಇಲ್ಲ' ಹೊರಡಿಸುವುದಕ್ಕಿಂತ ಒಣಗಿದ ಬಾವಿಯಿಂದ ನೀರು ಸೇದುವುದು ಸುಲಭ. ಅನ್ನ ಕೊಡುವ ಮಾಮೂ, ಹೆತ್ತ ಅಮ್ಮ, ಕಟ್ಟಿಕೊಂಡ ಹೆಂಡತಿ, ಎಲ್ಲರಿಗೂ ಬೇಕಾದವನಾಗಿ ಉಳಿಯುವ ಆಸೆ ಅವನಿಗೆ. ಖೈರುನ್ನೀಸಾ ಆ ರಾತ್ರಿ ಊಟ ಮಾಡಲಿಲ್ಲ. ಯಾರೂ ಗಮನಿಸಲೂ ಇಲ್ಲ. ಗಂಡಸರು ಉಂಡು, ಅತ್ತೆ ಉಂಡು, ಆಮೇಲೆ ಒಲೆಯ ಪಕ್ಕ ಒಬ್ಬಳೇ ಉಣ್ಣುವವಳು ಉಂಡಳೋ ಬಿಟ್ಟಳೋ ಯಾರು ಕಂಡರು?

ಶುಕ್ರವಾರ ಬೆಳಿಗ್ಗೆ ಮಕ್ತುಮ್ ಸಾಬರು ಅಂಗಡಿಗೆ ಹೋಗಲಿಲ್ಲ. ಹಾರೆ ತೆಗೆದುಕೊಂಡು ಹಿತ್ತಲ ಮೂಲೆಯಲ್ಲಿ, ಹಳೆಯ ತಿಪ್ಪೆಯ ಪಕ್ಕ, ಸಾಲಾಗಿ ಗುಣಿ ತೋಡಿದರು. ಡಾಂಬರು ಬಳಿದ ಕಾಲುಗಳನ್ನು ಅದರಲ್ಲಿ ನೆಟ್ಟು, ಕಲ್ಲು ತುಂಬಿ ಗಟ್ಟಿ ಮಾಡಿದರು. ಮೊಳೆ ಹೊಡೆಯುವ ಸದ್ದಿಗೆ ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಬಂದರು. ಪಟ್ಟಿಗಳು ಒಂದರ ಮೇಲೊಂದು ಏರುತ್ತಿದ್ದವು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು. ಮುಂಭಾಗದ ಪಟ್ಟಿಗಳಿಗೆ ಮೊಳೆ ಇಲ್ಲ, ಕಾಲಿನಲ್ಲಿ ಕೊರೆದ ತೋಡಿನೊಳಗೆ ಮೇಲಿನಿಂದ ಇಳಿಬಿಡುವಂತೆ ಮಾಡಿದ್ದರು. ಬಿಸಿಲು ಏರುವ ಹೊತ್ತಿಗೆ ಒಂದಕ್ಕೊಂದು ಅಂಟಿಕೊಂಡು ಮೂರು ಪೆಟ್ಟಿಗೆಗಳು ನಿಂತಿದ್ದವು. ಅವು ಗೊಬ್ಬರದ ಪೆಟ್ಟಿಗೆಗಳೇ. ಬೇರೆ ಏನೂ ಆಗಲು ಸಾಧ್ಯವಿರಲಿಲ್ಲ.

ಮಾಬೂಬೀ ಬೇವಿನ ಮರದ ಬುಡದಲ್ಲಿ ಉಳಿದಿರಬಹುದಾದ ಹಲಗೆಗಾಗಿ ಹುಡುಕಿದಳು. ಅಲ್ಲಿ ಬರೀ ಹೊಟ್ಟು ಬಿದ್ದಿತ್ತು.

"ಮಂಚ ಎಲ್ಲಿ?" ಎಂದಳು.

"ಯಾವ ಮಂಚ?"

"ನಮ್ಮ ಕುತುಬನ ಮಂಚ."

"ಅವನ ಮಂಚ ಒಳಗೈತಲ್ಲ. ಏಳು ವರ್ಷದಿಂದ ಮಲಗ್ತಾನೆ," ಎಂದು ಮಕ್ತುಮ್ ಸಾಬ್ ಸುತ್ತಿಗೆ ಕೆಳಗಿಟ್ಟರು. "ನೀನೇ ಎರಡು ಮಳೆಗಾಲದಿಂದ ಕೂಗಾಡಿದ್ದೆ, ತಿಪ್ಪೆ ಹರಡಿ ನಾಯಿ ಕೋಳಿ ಎಲ್ಲಾ ಕೆದರ್ತಾವೆ, ಬದನೆಗೆ ಗೊಬ್ಬರ ಸಿಗಲ್ಲ ಅಂತ. ದಾವಣಗೆರೆ ಕೃಷಿ ಪ್ರದರ್ಶನದಾಗೆ ಇಂಥವು ನೋಡಿ ಬಂದಿದ್ದೆ. ಮಾಡಿದೀನಿ. ನಿಂಗೂ ಹೇಳಿದ್ದೆ, ಅವಳಿಗೂ ಹೇಳಿದ್ದೆ."

ಹೇಳಿದ್ದು ನಿಜವೇ. ಇಬ್ಬರೂ ನಂಬಿರಲಿಲ್ಲ, ಅದೂ ನಿಜ. ಮಾಬೂಬೀಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ತಿಂದ ಮೊಟ್ಟೆಗಳ ಲೆಕ್ಕದಿಂದ ಶುರು ಮಾಡಿ ಅವಳು ಗಂಡನ ವಂಶವನ್ನೆಲ್ಲ ಜಾಲಾಡಿದಳು. ಸಾಗವಾನಿಯನ್ನು ಸಗಣಿಗೆ ಹಾಕಿದ ಬಡಗಿ ಎಂದು ಊರೆಲ್ಲ ಉಗಿಯುತ್ತೆ ಎಂದಳು. ಐದು ಹೆತ್ತು ನಾಲ್ಕನ್ನು ಮಣ್ಣಿಗೆ ಕೊಟ್ಟವಳು ನಾನು, ಉಳಿದ ಒಂದರ ಮಗುವನ್ನು ಎತ್ತಿ ಆಡಿಸಬೇಕು ಅಂದರೆ ತಪ್ಪಾ ಎಂದು ಅತ್ತಳು. ಆ ಅಳು ನಾಟಕದ್ದಲ್ಲ. ಖೈರುನ್ನೀಸಾಳಿಗೂ ಅದು ತಿಳಿಯಿತು. ಆದರೆ ಅಳು ನಿಂತ ಕೂಡಲೆ ಅತ್ತೆ ತಿರುಗಿದ್ದು ಅವಳ ಕಡೆಗೇ.

"ಇವಳೇ ತಲಿ ಕೆಡಿಸ್ಯಾಳೆ. ಏನು ತಿನಿಸಿದ್ಯೇ ನನ್ನ ಗಂಡಗ?"

ಅಂದಿನಿಂದ ಮನೆಯಲ್ಲಿ ಅನುಮಾನದ ದಿಕ್ಕು ಬದಲಾಯಿತು, ಅಷ್ಟೇ. ಮೊದಲು ಸೊಸೆ ಅತ್ತೆಯನ್ನು ಕಾಯುತ್ತಿದ್ದಳು, ಈಗ ಅತ್ತೆ ಸೊಸೆಯನ್ನು ಕಾಯತೊಡಗಿದಳು. ಪೆಟ್ಟಿಗೆ ತುಂಬಿಸುವ ಕೆಲಸ ಖೈರುನ್ನೀಸಾಳ ಪಾಲಿಗೆ ಬಂದಿತ್ತು. ಮಾವ ತೋರಿಸಿದಂತೆ ಮೊದಲ ಪೆಟ್ಟಿಗೆಗೆ ಕೆಳಗೆ ಬದನೆ ಕಡ್ಡಿ, ಅದರ ಮೇಲೆ ಒಣ ಎಲೆ, ತರಕಾರಿ ಸಿಪ್ಪೆ, ಕರಿಯವ್ವನ ಮನೆಯ ಸಗಣಿ, ಒಲೆಯ ಬೂದಿ ಹಾಕಿ ನೀರು ಚಿಮುಕಿಸಬೇಕು. ಅವಳು ಬುಟ್ಟಿ ಹೊತ್ತು ಹೊರಟರೆ ಮಾಬೂಬೀ ಬುಟ್ಟಿಯೊಳಗೆ ಕೈಯಾಡಿಸಿ ನೋಡುತ್ತಿದ್ದಳು. ಒಳ್ಳೆಯ ಈರುಳ್ಳಿ ಎಸೆಯುತ್ತಿದ್ದಾಳೆ ಎಂಬುದು ನೆಪ. ಸೊಸೆ ತವರಿನ ಕಡೆಯಿಂದ ತಾಯತ ತರಿಸಿ ಪೆಟ್ಟಿಗೆಯಲ್ಲಿ ಹೂತಿದ್ದಾಳೆ ಎಂಬುದು ಅವಳ ನಿಜವಾದ ಗುಮಾನಿ.

ಒಂದು ಬೆಳಿಗ್ಗೆ ಖೈರುನ್ನೀಸಾ ಹೊಳೆಗೆ ಬಟ್ಟೆ ಒಗೆಯಲು ಹೋದ ಸಮಯ ನೋಡಿ ಮಾಬೂಬೀ ಸಲಿಕೆ ಹಿಡಿದು ಪೆಟ್ಟಿಗೆ ಅಗೆದಳು. ಒಳಗಿಂದ ಬುಸ್ಸೆಂದು ಹಬೆ ಎದ್ದಿತು. ಕೈ ಇಟ್ಟರೆ ಕಾದ ಪಾತ್ರೆಯಷ್ಟು ಬಿಸಿ. ಬೆಂಕಿ ಇಲ್ಲ, ಬಿಸಿಲಿಲ್ಲ, ಆದರೂ ಬಿಸಿ! ಅವಳು ಸಲಿಕೆ ಬಿಸಾಕಿ ಕಿರುಚಿದ್ದಕ್ಕೆ ಕರಿಯವ್ವ ಗೋಡೆಯಾಚೆಯಿಂದ ಇಣುಕಿದಳು. ಖೈರುನ್ನೀಸಾ ಒದ್ದೆ ಬಟ್ಟೆಯ ಗಂಟು ಹೊತ್ತು ಬಂದಾಗ ಹಿತ್ತಲಲ್ಲಿ ಪಂಚಾಯಿತಿಯೇ ನಡೆಯುತ್ತಿತ್ತು. ಕೊಳೆಯುವಾಗ ಒಳಗೆ ಕಾವು ಹುಟ್ಟುತ್ತೆ, ಕಾವು ಬಂದರೇ ಒಳ್ಳೆ ಗೊಬ್ಬರ ಎಂದು ಮಕ್ತುಮ್ ಸಾಬರು ಎಷ್ಟು ಹೇಳಿದರೂ ಮಾಬೂಬೀ ಕೇಳಲಿಲ್ಲ. ತನ್ನ ಬದನೆ, ಪುದೀನ, ಮೆಂತ್ಯದ ಮಡಿಗೆ ಈ ಮಣ್ಣು ಮುಟ್ಟಿಸಿದರೆ ತಾನು ಆ ತರಕಾರಿ ತಿನ್ನುವುದಿಲ್ಲ ಎಂದು ಆಣೆ ಇಟ್ಟಳು.

ಅವಳು ಒಳಗೆ ಹೋದ ಮೇಲೆ ಖೈರುನ್ನೀಸಾ ಸಲಿಕೆ ಎತ್ತಿ, ಕೆದರಿದ್ದನ್ನು ಎರಡನೆಯ ಪೆಟ್ಟಿಗೆಗೆ ತಿರುವಿ ಹಾಕತೊಡಗಿದಳು. ಮಾವ ಮುಂಭಾಗದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಟ್ಟರು. ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತನ್ನು ಅವಳು ಈಗ ಕೇಳಿದಳು.

"ಅಬ್ಬಾ, ಬೇವಿನ ಹಲಗಿ ಇತ್ತಲ್ಲ ಅಂಗಡ್ಯಾಗೆ. ಇದಕ್ಕೆ ಸಾಗವಾನಿ ಯಾಕ?"

ಮಕ್ತುಮ್ ಸಾಬ್ ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ನಿಮ್ಮತ್ತಿ ಎದುರು ನಿಂತು ಬ್ಯಾಡ ಅನ್ನಾಕ ನಂಗೆ ಎಂದೂ ಆಗಿಲ್ಲಮ್ಮ. ಆರಡಿ ಹಲಗಿ ಮೂರಡಿ ಆದ್ಮೇಲೆ ಅದರಾಗೆ ಯಾರೂ ಮಂಚ ಮಾಡಾಕಾಗಲ್ಲ. ನಂಗೆ ಗೊತ್ತಿದ್ದ ಭಾಷಿ ಅದೊಂದೇ."

ಖೈರುನ್ನೀಸಾಳಿಗೆ ನಾಚಿಕೆಯಾಯಿತು. ಈ ಮುದುಕನ ಮೇಲೆ ಏನೇನೆಲ್ಲ ಅಂದುಕೊಂಡಿದ್ದಳು! ಅವರ ಕೆಮ್ಮಿಗೆ ಬಿಸಿನೀರು ಕೇಳಿದಾಗ ಬೇಕೆಂದೇ ತಡ ಮಾಡಿದ್ದಳು. ಕಾಲಿಗೆ ಬೀಳಬೇಕು ಅನ್ನಿಸಿತು, ಕೈಯೆಲ್ಲ ಸಗಣಿ. ತೋಳಿನಿಂದ ಕಣ್ಣೊರೆಸಿಕೊಂಡಳು. ಆದರೂ ಒಳಗಿನ ಮುಳ್ಳು ಪೂರ್ತಿ ಹೋಗಲಿಲ್ಲ.

"ನಿಮ್ಮ ಮಗ ಏನಂತಾರೆ?"

"ಅವನ ಬಾಯಿ ಅವನದು. ಅದಕ್ಕೆ ನಾನು ಗರಗಸ ಹಾಕಾಕಾಗಲ್ಲ."

ಮುದುಕರ ಗರಗಸ ಕೊಂಚ ದಿನ ತಡೆದದ್ದು ನಿಜ. ಮಂಚವಿಲ್ಲದೆ ದಿನ ಇಡುವಂತಿಲ್ಲ ಎಂಬ ಪದ್ಧತಿ ಅವರ ಮನೆಯದೇ ತಾನೆ. ಆದರೆ ಜಮಾಲ್ ಸಾಬ್ ವ್ಯಾಪಾರಸ್ಥ. ಮಳೆ ಹಿಡಿಯುವ ಹೊತ್ತಿಗೆ ದಾವಣಗೆರೆಯಿಂದ ಸುದ್ದಿ ಬಂತು, ಕಬ್ಬಿಣದ ಮಂಚ ಕೊಂಡಿದ್ದಾನಂತೆ, ಹಸಿರು ಬಣ್ಣ ಹೊಡೆದದ್ದು, ತಲೆಯ ಕಡೆ ಹಿತ್ತಾಳೆ ಗುಂಡು ಇರುವಂಥದ್ದು. ಕಬ್ಬಿಣಕ್ಕೂ ಬಡಗಿಗೂ ಏನು ಸಂಬಂಧ? ಅವಮಾನದ ಮಾತೇ ಇಲ್ಲ. ಶುಕ್ರವಾರ ತಾನೇ ಬಂದು ದಿನ ಗೊತ್ತು ಮಾಡುತ್ತೇನೆ ಎಂದು ಅಕ್ಕನಿಗೆ ಹೇಳಿ ಕಳಿಸಿದ್ದ.

ಮಾಬೂಬೀ ಕುರಿಯ ಮಾಂಸ ತರಿಸಿದಳು. ಸೊಸೆಯ ಕೈಯಲ್ಲೇ ಮಸಾಲೆ ಅರೆಸಿದಳು. ಸವತಿಯ ದಿನ ಇಡಲು ಬರುವವನಿಗೆ ತಾನೇ ಅಡುಗೆ ಮಾಡುವುದೆಂದರೆ ಖೈರುನ್ನೀಸಾಳಿಗೆ ಅರೆಯುವ ಗುಂಡುಕಲ್ಲನ್ನು ಎತ್ತಿ ಹೊಳೆಗೆ ಎಸೆಯಬೇಕು ಅನ್ನಿಸಿತು. ಆದರೂ ಅರೆದಳು. ಸಾರು ಚೆನ್ನಾಗಿಯೇ ಆಯಿತು, ಅವಳಿಗೆ ಕೆಟ್ಟ ಅಡುಗೆ ಮಾಡಲು ಬರುತ್ತಿರಲಿಲ್ಲ. ಅಂದು ಕುತುಬುದ್ದೀನ್ ರೈಲಿಗೆ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಹೆಂಡತಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದ.

ಜುಮ್ಮಾ ನಮಾಜು ಮುಗಿಸಿ ಗಂಡಸರು ಬಂದು ಪಡಸಾಲೆಯಲ್ಲಿ ಊಟಕ್ಕೆ ಹಾಸಿದ ದಸ್ತರಖಾನದ ಬಟ್ಟೆಯ ಸುತ್ತ ಕೂತರು. ಮಾಬೂಬೀ ತಮ್ಮನ ಪಕ್ಕದಲ್ಲಿ ಕೂತು ಬಡಿಸಿದಳು. ಜಮಾಲ್ ಸಾಬ್ ತುತ್ತು ಎತ್ತುವ ಮೊದಲೇ ವಿಷಯ ಎತ್ತಿದ. ಹುಡುಗಿಯ ಅಣ್ಣಂದಿರು ಕಾಯಲು ತಯಾರಿಲ್ಲ, ಮುಂದಿನ ತಿಂಗಳ ಚಂದ್ರ ಕಂಡ ಮೇಲಿನ ಶುಕ್ರವಾರ ಒಳ್ಳೆಯದು, ಖೈರುನ್ನೀಸಾಳನ್ನು ಯಾರೂ ಹೊರಗೆ ಹಾಕುವುದಿಲ್ಲ, ಅಡುಗೆಮನೆ ಅವಳದೇ ಎಂದ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತವಳಿಗೆ ಆ ಕೊನೆಯ ಮಾತು ಚೆನ್ನಾಗಿ ಕೇಳಿಸಿತು.

"ಭಾಯಿ, ನೀವೇನಂತೀರಿ?" ಎಂದು ಅವನು ಭಾವನನ್ನು ಕೇಳಿದ.

"ನಾನು ಹೇಳೋದು ಹಿತ್ತಲಾಗೆ ನಿಂತೈತೆ. ಹೋಗಿ ನೋಡ್ಕೊಂಡು ಬಾ," ಎಂದರು ಮಕ್ತುಮ್ ಸಾಬ್. "ಇನ್ನು ಮಾತಾಡಬೇಕಾದೋನು ಅವನು."

ಎಲ್ಲರೂ ಕುತುಬುದ್ದೀನನ ಕಡೆ ನೋಡಿದರು. ಅವನು ಅನ್ನ ಕಲಸುತ್ತಲೇ ಇದ್ದ. ಅನ್ನ ಎಂದೋ ಕಲಸಿ ಮುಗಿದಿತ್ತು. ಮೌನವಾಗಿದ್ದರೆ ಒಪ್ಪಿಗೆ ಎಂದು ಜಮಾಲ್ ಸಾಬ್ ಸುಮ್ಮನೆ ತಲೆಯಾಡಿಸಿದ, ಮಾಬೂಬೀ ಬಿಸ್ಮಿಲ್ಲಾ ಎಂದು ಸಾರಿನ ಪಾತ್ರೆಗೆ ಕೈ ಹಾಕಿದಳು. ಇಷ್ಟೇ, ಇನ್ನೊಂದು ಗಳಿಗೆ ಹೋದರೆ ಮುಗಿಯಿತು ಎಂದು ಖೈರುನ್ನೀಸಾಳಿಗೆ ಕಂಡಿತು. ಮಾಮೂನ ಎದುರು ಎಂದೂ ಹೊರಗೆ ಬಾರದವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲು ದಾಟಿದಳು.

"ಅಬ್ಬಾ ಗರಗಸದಾಗೆ ಹೇಳಿದ್ರು," ಎಂದಳು ಗಂಡನಿಗೆ. "ನೀವು ಬಾಯಾಗೆ ಹೇಳ್ರಿ. ಹೂಂ ಆದ್ರೆ ಹೂಂ ಅನ್ರಿ, ನಾನು ಸಂಜಿ ರೈಲಿಗೆ ಮಾಯಕೊಂಡಕ್ಕೆ ಹೋಗ್ತೀನಿ. ಸುಮ್ನೆ ಇರಬ್ಯಾಡ್ರಿ."

"ಗಂಡಸರ ನಡುವೆ ನಿಂದೇನು?" ಎಂದು ಮಾಬೂಬೀ ಎದ್ದಳು. ಮಕ್ತುಮ್ ಸಾಬ್ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲಿರಬೇಕು, ಮಾಬೂಬೀ ಬೆರಗಾಗಿ ಕೂತೇಬಿಟ್ಟಳು.

ಕುತುಬುದ್ದೀನ್ ಕೈ ತಟ್ಟೆಯಲ್ಲಿ ಬಿಟ್ಟು, ಮೊದಲು ಅಪ್ಪನ ಕಡೆ, ಆಮೇಲೆ ಮಾಮೂನ ಕಡೆ ನೋಡಿದ.

"ಬ್ಯಾಡ ಮಾಮೂ," ಎಂದ. "ನಂಗೆ ಬ್ಯಾಡ."

ಜಮಾಲ್ ಸಾಬ್ ಸಿಟ್ಟು ಮಾಡಲಿಲ್ಲ, ಅದೇ ಭಯವಾಗುವಂತಿತ್ತು. ಟೋಪಿ ಸರಿಪಡಿಸಿಕೊಂಡು, ಹಾಗಾದರೆ ನಾಳೆಯಿಂದ ಅಂಗಡಿಗೆ ಬರುವ ತೊಂದರೆ ತಗೋಬೇಡ ಎಂದಷ್ಟೇ ಹೇಳಿ ಎದ್ದ. ಒಂದು ತುತ್ತೂ ಮುಟ್ಟದೆ ಚಪ್ಪಲಿ ಮೆಟ್ಟಿದ. ಮಾಬೂಬೀ ಬೀದಿಯ ತಿರುವಿನವರೆಗೆ ತಮ್ಮನ ಹಿಂದೆ ಓಡಿದಳು. ಬರಿಗೈಯಲ್ಲಿ ವಾಪಸಾಗಿ, ಏದುಸಿರು ಬಿಡುತ್ತಾ ಗೋಡೆಗೊರಗಿ ಕೂತಳು. ಮಗನ ಅನ್ನ ಹೋಯಿತು, ತನ್ನ ತವರು ಹೋಯಿತು, ಈಗಲಾದರೂ ನಿನ್ನ ಹೊಟ್ಟೆ ತಣ್ಣಗಾಯಿತಾ ಎಂದು ಸೊಸೆಯನ್ನು ಕೇಳಿ ಅಳತೊಡಗಿದಳು.

ಖೈರುನ್ನೀಸಾಳ ಹೊಟ್ಟೆ ತಣ್ಣಗಾಗಿರಲಿಲ್ಲ. ಗಂಡ 'ಬ್ಯಾಡ' ಅನ್ನುವ ಮೊದಲು ಅಪ್ಪನ ಮುಖ ನೋಡಿದ್ದನ್ನು ಅವಳು ಕಂಡಿದ್ದಳು. ಆ ಮಾತು ಅವನದೋ, ಅಪ್ಪನದೋ? ನಾಳೆ ಮಾಮೂನ ಮನೆಯಿಂದ ಕರೆ ಬಂದರೆ ಏನಾಗುತ್ತದೆ? ಅವಳು ಒಳಗೆ ಹೋಗಲಿಲ್ಲ. ದಸ್ತರಖಾನದ ಬಳಿ, ಜಮಾಲ್ ಸಾಬ್ ಎದ್ದು ಹೋದ ಜಾಗದಲ್ಲಿ, ಗಂಡನ ಎದುರಿಗೆ ಕೂತಳು. ಮನೆಯ ಗಂಡಸರು ಉಣ್ಣುವಾಗ ಅವಳು ಅಲ್ಲಿ ಕೂತದ್ದು ಎಂದೂ ಇರಲಿಲ್ಲ.

"ನಾಳೆ ಮಾಮೂ ಸಮಾಧಾನ ಆಗಿ ಕರೀತಾರೆ," ಎಂದಳು. "ಅಮ್ಮ ಅಳ್ತಾರೆ. ಕೆಲಸ ಇರಲ್ಲ. ಆವಾಗ?"

ಈ ಸಲ ಕುತುಬುದ್ದೀನ್ ಯಾರ ಕಡೆಯೂ ತಿರುಗಲಿಲ್ಲ. "ಆವಾಗಲೂ ಇದೇ," ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಮಕ್ತುಮ್ ಸಾಬ್ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಗೋಡೆಯ ಬಳಿ ಮಾಬೂಬೀ ಅಳು ನಿಲ್ಲಿಸಿ ಸೊಸೆ ಏನನ್ನುತ್ತಾಳೆ ಎಂದು ಕಿವಿಗೊಟ್ಟಿದ್ದಳು.

"ನೋಡೋಣ," ಎಂದು ಖೈರುನ್ನೀಸಾ ಮಾಮೂಗೆ ಬಡಿಸಿದ್ದ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಉಣ್ಣತೊಡಗಿದಳು.